ಅಕ್ಕಚ್ಚಿನ ಬಿಳುಪು: ಅರಿತಾದ ನಿಗೋಶಿದೇ ಪಿಂಗಾಣಿ ಮರಳಿ ಬಂದ ಒಂದು ಪ್ರಕರಣ

ಜಪಾನಿನ ಕ್ಯೂಶೂ ದ್ವೀಪದ ಸಾಗಾ ಪ್ರಾಂತ್ಯದಲ್ಲಿ, ಬೆಟ್ಟಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಅರಿತಾ ಎಂಬ ಪಟ್ಟಣವಿದೆ. ನಾಲ್ಕು ಶತಮಾನಗಳಿಂದ ಪಿಂಗಾಣಿಯೇ ಅದರ ಬದುಕು. 1953ರಲ್ಲಿ ಆ ಪಟ್ಟಣದ ನಂಗವಾರಾ ಭಾಗದಲ್ಲಿರುವ ಸಕೈದಾ ಕಾಕಿಎಮೊನ್ ಮನೆತನದವರು ‘ನಿಗೋಶಿದೇ’ ಎಂಬ ಹೆಸರಿನ ಬಿಳಿ ಪಿಂಗಾಣಿಯ ಪಾತ್ರೆಗಳನ್ನು ಜನರ ಮುಂದಿಟ್ಟರು. ಅದು ಹೊಸದಾಗಿ ಕಂಡುಹಿಡಿದ ಪದಾರ್ಥವಾಗಿರಲಿಲ್ಲ. ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ ಇದೇ ಮನೆತನ ಅದನ್ನು ಮಾಡುತ್ತಿತ್ತು, ಆ ಪಾತ್ರೆಗಳು ಹಡಗು ಹತ್ತಿ ಯುರೋಪಿನ ಅರಮನೆಗಳನ್ನು ಸೇರಿದ್ದವು. ಹದಿನೆಂಟನೆಯ ಶತಮಾನದಲ್ಲಿ ಅದರ ತಯಾರಿಕೆ ನಿಂತುಹೋಯಿತು. ಆಮೇಲೆ ಸುಮಾರು ಎರಡು ನೂರು ವರ್ಷ ಆ ಬಿಳುಪು ಯಾರ ಕೈಗೂ ಬರಲಿಲ್ಲ.

ಒಂದು ಕಸುಬು ಅಳಿದುಹೋದಾಗ ನಾವು ಸಾಮಾನ್ಯವಾಗಿ ಕೊಡುವ ಕಾರಣಗಳು ಕೆಲವಿವೆ: ವಂಶ ನಿಂತುಹೋಯಿತು, ಕುಶಲಕರ್ಮಿಗಳು ಊರು ಬಿಟ್ಟರು, ಕಚ್ಚಾವಸ್ತು ಮುಗಿದುಹೋಯಿತು, ತಿಳಿದವರು ಬರೆದಿಡಲಿಲ್ಲ. ಈ ಪ್ರಕರಣಕ್ಕೆ ಅವುಗಳಲ್ಲಿ ಒಂದೂ ಹೊಂದುವುದಿಲ್ಲ. ಮನೆತನ ಮುಂದುವರಿದಿತ್ತು, ಹಿರಿಯ ಮಗ ‘ಕಾಕಿಎಮೊನ್’ ಎಂಬ ಹೆಸರನ್ನೇ ತನ್ನ ಹೆಸರಾಗಿ ಪಡೆಯುವ ಪದ್ಧತಿ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದಿತ್ತು. ಊರು ಅದೇ ಊರು. ಕಲ್ಲು ತೆಗೆಯುವ ಬೆಟ್ಟ ಕಣ್ಣೆದುರಿಗೇ ಇತ್ತು. ಯಾವ ಮಣ್ಣಿಗೆ ಯಾವ ಮಣ್ಣನ್ನು ಬೆರೆಸಬೇಕು ಎಂದು 1690ರಲ್ಲಿ ಬರೆದಿಟ್ಟ ಪುಸ್ತಕವೂ ಮನೆಯಲ್ಲಿಯೇ ಇತ್ತು. ಇಷ್ಟೆಲ್ಲ ಇದ್ದರೂ ಆ ಬಿಳುಪನ್ನು ಮತ್ತೆ ಪಡೆಯಲು ತಂದೆ ಮತ್ತು ಮಗ ಸುಮಾರು ಆರು ವರ್ಷ ದುಡಿಯಬೇಕಾಯಿತು. ಇದ್ದದ್ದೇನು, ಇಲ್ಲದೆ ಹೋದದ್ದೇನು ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಕಲ್ಲಿನಿಂದ ಹುಟ್ಟಿದ ಊರು

ಅರಿತಾದ ಪಿಂಗಾಣಿಯ ಮೂಲದಲ್ಲಿ ಒಂದು ಯುದ್ಧವಿದೆ. 1592ರಿಂದ 1598ರವರೆಗೆ ಜಪಾನಿನ ಆಗಿನ ಅಧಿಪತಿ ಟೊಯೊಟೊಮಿ ಹಿದೆಯೋಶಿ ಕೊರಿಯಾದ ಮೇಲೆ ನಡೆಸಿದ ದಾಳಿಗಳ ಕಾಲದಲ್ಲಿ ಪಶ್ಚಿಮ ಜಪಾನಿನ ಪಾಳೆಯಗಾರರು ಅಲ್ಲಿನ ಕುಂಬಾರರನ್ನು ತಮ್ಮ ತಮ್ಮ ಸೀಮೆಗಳಿಗೆ ಕರೆತಂದರು. ಬಂದವರಲ್ಲಿ ಹೆಚ್ಚಿನವರು ತಾವಾಗಿ ಬಂದವರಲ್ಲ. ನಬೆಶಿಮಾ ಪಾಳೆಯಗಾರರ ಸೀಮೆಗೆ ಹೀಗೆ ಬಂದ ಯಿ ಸಾಮ್-ಪ್ಯೊಂಗ್ ಎಂಬವರು, ಜಪಾನಿ ಹೆಸರಿನಲ್ಲಿ ಕನಗಾಯೆ ಸಾನ್‌ಬೇ, 1616ರಲ್ಲಿ ಅರಿತಾದ ಇಜುಮಿಯಾಮಾ ಬೆಟ್ಟದಲ್ಲಿ ಪಿಂಗಾಣಿಗೆ ಒದಗುವ ಕಲ್ಲನ್ನು ಕಂಡುಹಿಡಿದರು ಎಂಬುದು ಊರಿನ ನಂಬಿಕೆ. ಪಟ್ಟಣದ ಮೇಲಿನ ಗುಡ್ಡದಲ್ಲಿ ಅವರ ನೆನಪಿಗೆ ನಿಲ್ಲಿಸಿದ ಕಂಬವಿದೆ; ಅದರ ಕೆಳಗಿನ ದೇವಾಲಯದ ಮಹಾದ್ವಾರವೇ ಪಿಂಗಾಣಿಯದು. ಈ ಊರಿನ ಬಿಳುಪನ್ನು ಹೊಗಳುವಾಗ ಅದನ್ನು ಮೊದಲು ತಂದುಕೊಟ್ಟ ಕೈಗಳು ಬಲವಂತವಾಗಿ ಕಡಲು ದಾಟಿದ ಕೈಗಳು ಎಂಬುದನ್ನು ಮರೆಯುವುದು ನ್ಯಾಯವಲ್ಲ ಎಂದು ನಾನು ಭಾವಿಸುತ್ತೇನೆ.

ಇಜುಮಿಯಾಮಾದ ಕಲ್ಲಿಗೆ ಒಂದು ವಿಶೇಷ ಗುಣವಿದೆ. ಚೀನಾದ ಜಿಂಗ್‌ದೆಜೆನ್‌ನಲ್ಲಿ ಪಿಂಗಾಣಿ ಮಾಡುವವರು ಪಿಂಗಾಣಿ ಕಲ್ಲಿನ ಪುಡಿಗೆ ಕೇಯೋಲಿನ್ ಎಂಬ ಬಿಳಿ ಜೇಡಿಯನ್ನು ಬೆರೆಸುತ್ತಿದ್ದರು. ಅರಿತಾದಲ್ಲಿ ಒಂದೇ ಕಲ್ಲು ಸಾಕಾಗುತ್ತಿತ್ತು. ಜ್ವಾಲಾಮುಖಿಯ ಶಿಲೆ ಬಿಸಿನೀರಿನ ಸಂಪರ್ಕದಲ್ಲಿ ಬಹುಕಾಲ ಬೆಂದು ಮಾರ್ಪಟ್ಟ ಈ ಕಲ್ಲಿನಲ್ಲಿ ಬೆಣಚೂ ಇದೆ, ಸೆರಿಸೈಟ್ ಎಂಬ ಅಭ್ರಕದ ಜಾತಿಯ ನುಣುಪಾದ ಖನಿಜವೂ ಇದೆ. ಬೆಣಚು ಪಾತ್ರೆಗೆ ಗಟ್ಟಿತನ ಕೊಟ್ಟರೆ, ಸೆರಿಸೈಟ್ ಹಸಿ ಮಣ್ಣಿಗೆ ಜಿಗುಟನ್ನು ಕೊಡುತ್ತದೆ ಮತ್ತು ಉರಿಯಲ್ಲಿ ಕರಗಿ ಎಲ್ಲವನ್ನೂ ಬೆಸೆಯುತ್ತದೆ. ನೀರಿನ ಬಲದಿಂದ ಏಳುವ ಒನಕೆಗಳಲ್ಲಿ ಕಲ್ಲನ್ನು ಕುಟ್ಟಿ, ಪುಡಿಯನ್ನು ನೀರಿನಲ್ಲಿ ಕದಡಿ, ಒರಟು ಕಣಗಳು ತಳ ಸೇರಿದ ಮೇಲೆ ಮೇಲಿನ ನಯವಾದ ರಾಡಿಯನ್ನು ಬೇರ್ಪಡಿಸಿ ಆರಿಸಿದರೆ ಕೈಗೆ ಬರುವುದೇ ಪಿಂಗಾಣಿಯ ಮಣ್ಣು.

ಆದರೆ ಆ ಕಲ್ಲಿನಲ್ಲಿ ಕಬ್ಬಿಣದ ಅಂಶವೂ ಇದೆ. ಈ ಪ್ರಕರಣದ ಕಷ್ಟವೆಲ್ಲ ಹುಟ್ಟುವುದು ಇಲ್ಲಿಂದಲೇ.

ಯಾವ ಬಿಳಿ

ಬಿಳಿ ಎಂಬುದು ಒಂದೇ ಬಣ್ಣವಲ್ಲ. ಹಾಲಿನ ಬಿಳಿ ಬೇರೆ, ಸುಣ್ಣದ ಬಿಳಿ ಬೇರೆ, ಮಲ್ಲಿಗೆಯ ಬಿಳಿ ಬೇರೆ. ಹದಿನೇಳನೆಯ ಶತಮಾನದ ಅರಿತಾದ ಸಾಮಾನ್ಯ ಪಿಂಗಾಣಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಬಿಳುಪಿನ ಮೇಲೆ ತೆಳುವಾದ ನೀಲಿಹಸಿರಿನ ನೆರಳು ಕಾಣುತ್ತದೆ. ಆವಿಗೆಯಲ್ಲಿ ಉರಿ ಸುಮಾರು 1300 ಡಿಗ್ರಿ ಸೆಲ್ಸಿಯಸ್‌ಗೆ ಏರುವಾಗ ಗಾಳಿಯನ್ನು ತಡೆದು, ಆಮ್ಲಜನಕ ಕಡಿಮೆಯಾಗುವಂತೆ ಮಾಡುತ್ತಾರೆ. ಇದನ್ನು ಅಪಕರ್ಷಣದ ಉರಿ ಎನ್ನಬಹುದು. ಗಾಳಿ ಧಾರಾಳವಾಗಿದ್ದರೆ ಮಣ್ಣಿನಲ್ಲಿರುವ ಕಬ್ಬಿಣ ಪಾತ್ರೆಗೆ ಹಳದಿಯ ಮಾಸಲನ್ನು ತರುತ್ತದೆ. ಗಾಳಿ ಕಡಿಮೆಯಾದರೆ ಅದೇ ಕಬ್ಬಿಣ ಗಾಜಿನಂಥ ಮೆರುಗಿನಲ್ಲಿ ಕರಗಿ ನೀಲಿಹಸಿರಿಗೆ ತಿರುಗುತ್ತದೆ. ಹಳದಿಗಿಂತ ನೀಲಿ ಕಣ್ಣಿಗೆ ಶುಭ್ರವಾಗಿ ಕಾಣುವುದರಿಂದ ಕುಂಬಾರರು ಎರಡನೆಯದನ್ನು ಒಪ್ಪಿಕೊಂಡರು. ಮೆರುಗಿನ ಕೆಳಗೆ ಕೋಬಾಲ್ಟ್ ನೀಲಿಯಲ್ಲಿ ಚಿತ್ರ ಬರೆಯುವಾಗ ಈ ನೆರಳು ಅದಕ್ಕೆ ಚೆನ್ನಾಗಿಯೇ ಹೊಂದುತ್ತಿತ್ತು.

ನಿಗೋಶಿದೇ ಈ ನೀಲಿಯನ್ನು ಬಿಟ್ಟುಕೊಟ್ಟ ಬಿಳುಪು. ‘ನಿಗೋಶಿ’ ಎಂದರೆ ಅಲ್ಲಿನ ಆಡುಮಾತಿನಲ್ಲಿ ಅಕ್ಕಿ ತೊಳೆದ ನೀರು. ನಮ್ಮಲ್ಲಿ ಅದಕ್ಕೆ ಅಕ್ಕಚ್ಚು ಎಂಬ ಮಾತಿದೆ, ಮತ್ತು ಆ ಮಾತು ತಿಳಿದಿರುವ ಓದುಗರಿಗೆ ಈ ಪಿಂಗಾಣಿಯ ಬಣ್ಣವನ್ನು ವಿವರಿಸಲು ಬೇರೆ ಹೋಲಿಕೆ ಬೇಕಾಗಿಲ್ಲ. ಬೆಳಿಗ್ಗೆ ಅನ್ನಕ್ಕಿಡುವ ಮೊದಲು ಪಾತ್ರೆಯಲ್ಲಿ ಅಕ್ಕಿಗೆ ನೀರು ಹಾಕಿ ಕೈಯಾಡಿಸಿದಾಗ ಬರುವ ಮೊದಲ ನೀರು ಮಣ್ಣುಮಣ್ಣಾಗಿರುತ್ತದೆ. ಅದನ್ನು ಚೆಲ್ಲಿ ಮತ್ತೆ ನೀರು ಹಾಕಿ ಉಜ್ಜಿದರೆ ಬರುವ ಎರಡನೆಯ ನೀರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು: ಅದು ಹಾಲಿನಷ್ಟು ದಟ್ಟವಲ್ಲ, ಹೊಳಪಿಲ್ಲ, ಬೆಳಕು ಅದರೊಳಗೆ ಸ್ವಲ್ಪ ಇಳಿದು ಅಲ್ಲಿಯೇ ತಂಗಿದಂತೆ ಇರುತ್ತದೆ. ಅರಿತಾದ ಜನ ತಮ್ಮ ಅತ್ಯಂತ ಬೆಲೆಬಾಳುವ ಪಿಂಗಾಣಿಗೆ ರತ್ನದ ಹೆಸರನ್ನಾಗಲಿ ಹಿಮದ ಹೆಸರನ್ನಾಗಲಿ ಇಡದೆ, ಅಡುಗೆಮನೆಯಲ್ಲಿ ದಿನವೂ ಚೆಲ್ಲಿಹೋಗುವ ಈ ನೀರಿನ ಹೆಸರನ್ನಿಟ್ಟರು. ಹೆಸರಿಟ್ಟವರ ಕಣ್ಣು ಎಷ್ಟು ನಿಖರವಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಬಿಳುಪು ಬೇಕಾದದ್ದು ಬಣ್ಣಕ್ಕಾಗಿ. ಮೊದಲನೆಯ ಸಕೈದಾ ಕಾಕಿಎಮೊನ್ (1596–1666) 1640ರ ದಶಕದಲ್ಲಿ ಪಿಂಗಾಣಿಯ ಮೆರುಗಿನ ಮೇಲೆ ಕೆಂಪು ಮೊದಲಾದ ಬಣ್ಣಗಳಲ್ಲಿ ಚಿತ್ರ ಬರೆದು ಮತ್ತೊಮ್ಮೆ ಸಣ್ಣ ಉರಿಯಲ್ಲಿ ಸುಡುವ ವಿದ್ಯೆಯನ್ನು ಸಾಧಿಸಿದರು ಎಂದು ಹೇಳಲಾಗುತ್ತದೆ. ಇಮಾರಿ ಬಂದರಿನ ವರ್ತಕರೊಬ್ಬರು ನಾಗಸಾಕಿಯಲ್ಲಿ ಚೀನಾದವರೊಬ್ಬರಿಂದ ಕಲಿತು ಅದನ್ನು ಅವರಿಗೆ ತಿಳಿಸಿಕೊಟ್ಟರು ಎಂಬುದು ಮನೆತನದ ದಾಖಲೆಯ ಮಾತು. ಕೆಂಪು, ಹಳದಿ, ಹಸಿರು, ತಿಳಿನೀಲಿ ಬಣ್ಣಗಳು ನೀಲಿ ನೆರಳಿನ ನೆಲದ ಮೇಲೆ ಸ್ವಲ್ಪ ಮಂಕಾಗುತ್ತವೆ. ಬೆಚ್ಚನೆಯ ಬಿಳಿಯ ಮೇಲೆ ಅವು ಅರಳುತ್ತವೆ. ಆದ್ದರಿಂದ 1670ರ ದಶಕದಿಂದ ಮುಂದೆ ಹದಕ್ಕೆ ಬಂದ ನಿಗೋಶಿದೇ ಪಾತ್ರೆಗಳಲ್ಲಿ ಮೆರುಗಿನ ಕೆಳಗಿನ ಕೋಬಾಲ್ಟ್ ನೀಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಚಿತ್ರವೂ ಕಡಿಮೆ. ಒಂದು ಬದಿಯಲ್ಲಿ ನವಣೆಯ ತೆನೆ ಮತ್ತು ಒಂದು ಜೊತೆ ಲಾವುಗೆ ಹಕ್ಕಿ, ಇನ್ನೊಂದು ಪಾತ್ರೆಯಲ್ಲಿ ಒಂದು ಪ್ಲಮ್ ಕೊಂಬೆ, ಬಿದಿರು, ಹುಲಿ. ಉಳಿದದ್ದೆಲ್ಲ ಖಾಲಿ. ಚಿತ್ರಕಾರನು ತುಂಬದೆ ಬಿಟ್ಟ ಜಾಗ ಅಲ್ಲ ಅದು, ಕುಂಬಾರನು ಕಷ್ಟಪಟ್ಟು ತುಂಬಿದ ಜಾಗ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಪ್ರಸಿದ್ಧ ಕೆಂಪು ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ಹಲವು ಪಾತ್ರೆಗಳ ಅಂಚಿಗೆ ಬಳಿಯುವ ಕಂದು ಗೆರೆಯೂ ಕಬ್ಬಿಣದ್ದೇ. ಮಣ್ಣಿನಿಂದ ಕಣಕಣವಾಗಿ ಹೊರಹಾಕಿದ ಪದಾರ್ಥವನ್ನೇ ನುಣ್ಣಗೆ ಅರೆದು, ಕುಂಚದ ತುದಿಯಲ್ಲಿ ಅಳತೆಯಿಟ್ಟು, ಅದೇ ಮಣ್ಣಿನ ಮೇಲೆ ಮರಳಿ ಇಡುತ್ತಾರೆ. ಕಾಕಿಎಮೊನ್ ಮನೆತನದ ಕೆಲಸವನ್ನೆಲ್ಲ ಕಬ್ಬಿಣವನ್ನು ಎಲ್ಲಿ ಇರಗೊಡಬೇಕು, ಎಲ್ಲಿ ಇರಗೊಡಬಾರದು ಎಂಬ ಒಂದೇ ನಿರ್ಣಯವಾಗಿ ನೋಡಬಹುದು ಎಂಬುದು ನನ್ನ ಅಭಿಪ್ರಾಯ.

ನಿಂತುಹೋದ ಬಗೆ

ಅರಿತಾದ ಏಳಿಗೆಗೆ ಚೀನಾದ ತೊಂದರೆ ಕಾರಣವಾಗಿತ್ತು. 1644ರಲ್ಲಿ ಮಿಂಗ್ ಅರಸೊತ್ತಿಗೆ ಉರುಳಿದ ಮೇಲೆ ನಡೆದ ಯುದ್ಧಗಳಲ್ಲಿ ಜಿಂಗ್‌ದೆಜೆನ್‌ನ ರಫ್ತು ಕುಸಿಯಿತು. ಯುರೋಪಿನ ಗಿರಾಕಿಗಳನ್ನು ಕೈಬಿಡಲಾರದ ಡಚ್ ಈಸ್ಟ್ ಇಂಡಿಯಾ ಕಂಪನಿ ಅರಿತಾದತ್ತ ತಿರುಗಿ, 1659ರಲ್ಲಿ ಹತ್ತಾರು ಸಾವಿರ ಪಾತ್ರೆಗಳಿಗೆ ಒಮ್ಮೆಲೇ ಬೇಡಿಕೆ ಸಲ್ಲಿಸಿತು. ಸರಕು ಇಮಾರಿ ಬಂದರಿನಿಂದ ಹೊರಡುತ್ತಿದ್ದ ಕಾರಣ ಹೊರಗಿನವರ ಬಾಯಲ್ಲಿ ಅರಿತಾದ ಪಿಂಗಾಣಿಗೆ ಇಮಾರಿ ಎಂಬ ಹೆಸರೇ ನಿಂತಿತು. ಇಂಗ್ಲೆಂಡಿನ ಬರ್ಲೀ ಭವನದ 1688ರ ಸಾಮಾನು ಪಟ್ಟಿಯಲ್ಲಿ ಕುಸ್ತಿಯಾಡುವ ಇಬ್ಬರು ಹುಡುಗರ ಪಿಂಗಾಣಿ ಗೊಂಬೆ ನಮೂದಾಗಿದೆ. ಅದು ಕಾಕಿಎಮೊನ್ ಶೈಲಿಯದು ಎಂದು ಇಂದು ಗುರುತಿಸಲಾಗಿದೆ.

ತೊಂದರೆ ಮುಗಿದಾಗ ಏಳಿಗೆಯೂ ಇಳಿಯಿತು. 1684ರಲ್ಲಿ ಚೀನಾ ತನ್ನ ಕಡಲ ವ್ಯಾಪಾರದ ಮೇಲಿನ ತಡೆಯನ್ನು ತೆಗೆಯಿತು, ಜಿಂಗ್‌ದೆಜೆನ್ ಮತ್ತೆ ಅಗ್ಗದ ಬೆಲೆಗೆ ಒಳ್ಳೆಯ ಸರಕನ್ನು ಕಳುಹಿಸತೊಡಗಿತು, ಜಪಾನಿನ ಮಾದರಿಗಳನ್ನು ನಕಲು ಮಾಡಲೂ ಅದು ಹಿಂಜರಿಯಲಿಲ್ಲ. ಅರಿತಾದ ಒಳಗೂ ರುಚಿ ಬದಲಾಯಿತು. ಕೋಬಾಲ್ಟ್ ನೀಲಿ, ಕೆಂಪು, ಚಿನ್ನದ ಬಣ್ಣಗಳಿಂದ ಪಾತ್ರೆಯ ಮೈಯನ್ನು ಪೂರ್ತಿಯಾಗಿ ತುಂಬುವ ಶೈಲಿ ಮೇಲೆ ಬಂದಿತು. ಮೈಯೆಲ್ಲ ಬಣ್ಣ ತುಂಬುವ ಪಾತ್ರೆಗೆ ಅಷ್ಟೊಂದು ಶ್ರಮದ ಬಿಳಿ ನೆಲ ಏಕೆ ಬೇಕು? ಹೀಗೆ ನಿಗೋಶಿದೇ ಯಾರೂ ನಿಷೇಧಿಸದೆ, ಯಾರೂ ಮರೆಯಬೇಕೆಂದು ಮರೆಯದೆ, ಬೇಡಿಕೆ ಇಲ್ಲದ ಕಾರಣದಿಂದಲೇ ಹಿಂದೆ ಸರಿಯಿತು. ಒಂದು ತಲೆಮಾರು ಅದನ್ನು ಅಪರೂಪಕ್ಕೆ ಮಾಡಿರಬೇಕು. ಮುಂದಿನ ತಲೆಮಾರು ಹಿರಿಯರು ಮಾಡುವುದನ್ನು ಕಂಡಿರಲಿಲ್ಲ. ಕಾಣದ ತಲೆಮಾರು ಒಂದು ಬಂದುಬಿಟ್ಟರೆ ಸಾಕು, ಕೊಂಡಿ ಕಳಚುತ್ತದೆ. 1757ರಲ್ಲಿ ಡಚ್ ಕಂಪನಿಯ ಅಧಿಕೃತ ರಫ್ತೂ ಕೊನೆಗೊಂಡಿತು.

ಇತ್ತ ಯುರೋಪಿನಲ್ಲಿ ಆ ಬಿಳುಪಿಗಾಗಿ ಹಂಬಲ ಇನ್ನೂ ಜೋರಾಗಿತ್ತು. ಸ್ಯಾಕ್ಸನಿಯ ಅರಸ ಆಗಸ್ಟಸ್‌ನ ಆಶ್ರಯದಲ್ಲಿ 1710ರಲ್ಲಿ ಆರಂಭವಾದ ಮೈಸೆನ್ ಕಾರ್ಖಾನೆ ಕಾಕಿಎಮೊನ್ ಪಾತ್ರೆಗಳನ್ನು ಗೆರೆಗೆ ಗೆರೆ ನಕಲಿಸಿತು. ಫ್ರಾನ್ಸಿನ ಶಾಂತಿಯಿ ಕಾರ್ಖಾನೆಯವರು ತಮ್ಮ ಮೆದು ಪಿಂಗಾಣಿಯ ಮೇಲೆ ತವರ ಬೆರೆತ ಅಪಾರದರ್ಶಕ ಮೆರುಗನ್ನು ಬಳಿದು ಆ ಹಾಲುಬಿಳುಪನ್ನು ಅನುಕರಿಸಲು ನೋಡಿದರು. ಅಂದರೆ ಅವರು ಚಿತ್ರವನ್ನಷ್ಟೇ ಅಲ್ಲ, ಚಿತ್ರದ ಹಿಂದಿನ ಖಾಲಿ ನೆಲವನ್ನೂ ನಕಲಿಸಬೇಕೆಂದು ಹೊರಟಿದ್ದರು. ಹುಟ್ಟೂರಿನಲ್ಲಿ ಅದೇ ನೆಲ ಕೈಬಿಟ್ಟುಹೋಗುತ್ತಿದ್ದ ಕಾಲದಲ್ಲಿ ಇದು ನಡೆಯಿತು.

ಪುಸ್ತಕ ಹೇಳಿದ್ದು, ಹೇಳದೆ ಬಿಟ್ಟದ್ದು

ಎರಡನೆಯ ಮಹಾಯುದ್ಧ ಮುಗಿದು ಎರಡು ವರ್ಷಗಳಾಗಿದ್ದಾಗ, 1947ರ ಸುಮಾರಿಗೆ, ಹನ್ನೆರಡನೆಯ ಕಾಕಿಎಮೊನ್ ಮತ್ತು ಅವರ ಮಗ, ಮುಂದೆ ಹದಿಮೂರನೆಯ ಕಾಕಿಎಮೊನ್ ಆದವರು, ನಿಗೋಶಿದೇಯನ್ನು ಮತ್ತೆ ಮಾಡಲು ತೊಡಗಿದರು. ತಂದೆ 1878ರಲ್ಲಿ ಹುಟ್ಟಿದವರು, ಅಷ್ಟು ಹೊತ್ತಿಗೆ ಎಪ್ಪತ್ತರ ಹತ್ತಿರವಿದ್ದರು. ಮಗ 1906ರಲ್ಲಿ ಹುಟ್ಟಿದವರು, ಊರಿನ ಕೈಗಾರಿಕಾ ಶಾಲೆಯಲ್ಲಿ ಪಿಂಗಾಣಿ ತಯಾರಿಕೆಯನ್ನು ಓದಿದವರು. ದೇಶ ಸೋತು, ಕೊಳ್ಳುವವರಿಲ್ಲದೆ, ಹೊಟ್ಟೆಪಾಡೇ ಕಷ್ಟವಾಗಿದ್ದ ಕಾಲದಲ್ಲಿ ಎಪ್ಪತ್ತರ ಅಂಚಿನ ಒಬ್ಬ ಮನುಷ್ಯ ಇನ್ನೂರು ವರ್ಷಗಳ ಹಿಂದಿನ ಬಿಳುಪನ್ನು ಹುಡುಕಲು ಹೊರಟದ್ದನ್ನು ಓದಿದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಅವರ ಕೈಯಲ್ಲಿದ್ದ ದಾರಿದೀಪ ಮನೆತನದ ಹಳೆಯ ಕಾಗದಪತ್ರಗಳು, ಅದರಲ್ಲಿಯೂ ಮಣ್ಣಿನ ಬೆರಕೆಯನ್ನು ಕುರಿತ 1690ರ ಪುಸ್ತಕ. ಇಂದು ನಿಗೋಶಿದೇಯ ಬೆರಕೆಯೆಂದು ಹೇಳಲಾಗುವುದು ಊರಿನ ಸುತ್ತಲಿನ ಮೂರು ಕಡೆಯ ಕಲ್ಲುಗಳನ್ನು: ಇಜುಮಿಯಾಮಾದ್ದು ಆರು ಪಾಲು, ಶಿರಾಕಾವಾದ್ದು ಮೂರು ಪಾಲು, ಇವಾಯಗವಾಚಿಯದ್ದು ಒಂದು ಪಾಲು. ಕಾಗದದ ಮೇಲೆ ಇದಕ್ಕಿಂತ ಸರಳವಾದ ಸೂತ್ರವಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಹಿರಿಯರು ಬರೆದಿಟ್ಟ ಸಾರಿನ ಪುಡಿಯ ಚೀಟಿಯಂತೆ ಅದು. ಕೊತ್ತಂಬರಿ ಇಷ್ಟು, ಮೆಣಸಿನಕಾಯಿ ಇಷ್ಟು ಎಂದು ಚೀಟಿಯಲ್ಲಿರುತ್ತದೆ, ಎಷ್ಟು ಹುರಿದಾಗ ಕೈ ತೆಗೆಯಬೇಕು ಎಂಬುದು ಇರುವುದಿಲ್ಲ. ಬರೆದವರಿಗೆ ಅದನ್ನು ಬರೆಯಬೇಕೆಂದೇ ತೋರಿರುವುದಿಲ್ಲ, ಏಕೆಂದರೆ ಅದು ಪಕ್ಕದಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಕನ್ನಡದಲ್ಲಿ ಇದಕ್ಕೆ ‘ಹದ’ ಎಂಬ ಮಾತಿದೆ. ಅಳತೆ ಪುಸ್ತಕದಲ್ಲಿ ಉಳಿದಿತ್ತು, ಹದ ಹೋಗಿತ್ತು.

ಮೊದಲ ಹದ ಕಲ್ಲಿನದು. ಬೆಟ್ಟದ ಕಲ್ಲು ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಒಂದು ಅಡಿ ಈಚೆಗೆ ಬೆಳ್ಳಗಿದ್ದದ್ದು ಒಂದು ಅಡಿ ಆಚೆಗೆ ತುಕ್ಕಿನ ಕಲೆಯಿಂದ ತುಂಬಿರಬಹುದು. ‘ಇಜುಮಿಯಾಮಾದ ಕಲ್ಲು ಆರು ಪಾಲು’ ಎಂದರೆ ಬೆಟ್ಟದ ಯಾವ ಮೂಲೆಯ ಕಲ್ಲು? ಕಲೆಯಿದ್ದ ಚೂರುಗಳನ್ನು ಕೈಯಿಂದ ಆರಿಸಿ ತೆಗೆಯಬೇಕು, ಕುಟ್ಟಿದ ಮೇಲೆ ಮತ್ತೆ ಮತ್ತೆ ನೀರಿನಲ್ಲಿ ತೊಳೆದು ಬಸಿಯಬೇಕು. ಇದರ ಜೊತೆಗೆ ಇನ್ನೊಂದು ತೊಡಕು ಸೇರಿಕೊಂಡಿತ್ತು. ಮೇಜಿ ಕಾಲದಿಂದೀಚೆಗೆ (1868–1912) ಅರಿತಾದ ಆವಿಗೆಗಳು ಕುಮಾಮೊಟೊ ಪ್ರಾಂತ್ಯದ ಅಮಾಕುಸಾ ದ್ವೀಪಗಳಿಂದ ಬರುವ ಕಲ್ಲಿಗೆ ಒಗ್ಗಿಕೊಂಡಿದ್ದವು. ಆ ಕಲ್ಲಿನಲ್ಲಿ ಕಬ್ಬಿಣ ಕಡಿಮೆ, ತಿಗುರಿಯ ಮೇಲೆ ಅದು ಹೇಳಿದಂತೆ ಕೇಳುತ್ತದೆ, ಸುಟ್ಟಾಗ ಬೆಳ್ಳಗೆ ಬರುತ್ತದೆ. ಊರಿನ ಕುಂಬಾರರ ಬೆರಳುಗಳು ಎರಡು ಮೂರು ತಲೆಮಾರುಗಳಿಂದ ಕಲಿತದ್ದು ಆ ಮಣ್ಣಿನ ಗುಣವನ್ನು. ಹಳೆಯ ಬೆರಕೆಯ ಮಣ್ಣು ಬೇರೆಯೇ ಸ್ವಭಾವದ್ದು. ಬೆಟ್ಟ ಊರಿನಲ್ಲಿಯೇ ಇದ್ದರೂ ಅದರ ಮಣ್ಣಿನೊಡನೆ ಊರಿನ ಒಡನಾಟ ತಪ್ಪಿತ್ತು ಎಂಬುದನ್ನು ಈ ಪ್ರಕರಣದ ಮುಖ್ಯ ಸಂಗತಿಗಳಲ್ಲಿ ಒಂದಾಗಿ ನಾನು ಎಣಿಸುತ್ತೇನೆ.

ಎರಡನೆಯದು ಕುಗ್ಗುವಿಕೆಯ ಹದ, ಮತ್ತು ನಿಗೋಶಿದೇಯ ದೊಡ್ಡ ಗಂಡಾಂತರ ಇರುವುದು ಇಲ್ಲಿ. ಪಿಂಗಾಣಿಯ ಯಾವ ಮಣ್ಣಾದರೂ ಒಣಗುವಾಗ ಮತ್ತು ಸುಡುವಾಗ ಕುಗ್ಗುತ್ತದೆ. ಈ ಬೆರಕೆ ಇನ್ನೂ ಹೆಚ್ಚು ಕುಗ್ಗುತ್ತದೆ. ಪಾತ್ರೆಯ ಒಂದು ಭಾಗ ಇನ್ನೊಂದಕ್ಕಿಂತ ಸ್ವಲ್ಪ ದಪ್ಪವಾಗಿದ್ದರೂ, ಒಂದು ಬದಿ ಇನ್ನೊಂದಕ್ಕಿಂತ ಸ್ವಲ್ಪ ಮೊದಲು ಒಣಗಿದರೂ, ಎಳೆತ ಸಮನಾಗದೆ ಬಿರುಕು ಬಿಡುತ್ತದೆ ಅಥವಾ ಸೊಟ್ಟಗಾಗುತ್ತದೆ.

ಎಂಟು ಮೂಲೆಯ ಒಂದು ಬಟ್ಟಲನ್ನು ತೆಗೆದುಕೊಂಡು ಇದನ್ನು ಹತ್ತಿರದಿಂದ ನೋಡೋಣ. ಕುಂಬಾರನು ಮೊದಲು ತಿಗುರಿಯ ಮೇಲೆ ದುಂಡನೆಯ ಬಟ್ಟಲನ್ನೇ ಎತ್ತುತ್ತಾನೆ. ಅದು ಅರೆ ಒಣಗಿದಾಗ, ಒತ್ತಿದರೆ ಬಾಗುವ ಆದರೆ ಬೆರಳಿಗೆ ಅಂಟದ ಸ್ಥಿತಿಯಲ್ಲಿ, ಅದನ್ನು ಎಂಟು ಮೂಲೆಗಳಿರುವ ಸುಟ್ಟ ಮಣ್ಣಿನ ಅಚ್ಚಿನ ಮೇಲೆ ಬೋರಲು ಹಾಕಿ ಸುತ್ತಲೂ ಮೃದುವಾಗಿ ತಟ್ಟುತ್ತಾನೆ. ದುಂಡು ಬಟ್ಟಲು ನಿಧಾನವಾಗಿ ಮೂಲೆಗಳನ್ನು ಪಡೆಯುತ್ತದೆ. ಅಚ್ಚಿನಿಂದ ಬಿಡಿಸಿದ ಮೇಲೆ ಹೊರಮೈಯನ್ನು ಕೆತ್ತಿ ತೆಳುವಾಗಿಸುತ್ತಾನೆ. ನೋಡುವವರಿಗೆ ಅದು ಈಗ ಎಂಟು ಮೂಲೆಯ ಬಟ್ಟಲು. ಆದರೆ ಅದರ ಮಣ್ಣಿನ ಕಣಗಳು ತಿಗುರಿಯ ಸುತ್ತಿನಲ್ಲಿ ಸಾಲುಗೊಂಡಂಥವು, ಅವುಗಳ ಎಳೆತ ಇನ್ನೂ ದುಂಡಗಿನದೇ. ಉರಿಯಲ್ಲಿ ಮೈ ಮೆತ್ತಗಾದಾಗ ಆ ಹಳೆಯ ಸುತ್ತು ಮರಳಲು ನೋಡುತ್ತದೆ. ಎಲ್ಲ ಮೂಲೆಗಳಲ್ಲಿ ಒಂದೇ ಸಮನಾದ ದಪ್ಪವಿದ್ದರೆ ಮಾತ್ರ ಬಟ್ಟಲು ತನ್ನ ಆಕಾರದಲ್ಲಿ ನಿಲ್ಲುತ್ತದೆ.

ಒಣಗಿದ ಬಟ್ಟಲನ್ನು ಸುಮಾರು 900 ಡಿಗ್ರಿಯಲ್ಲಿ ಒಮ್ಮೆ ಸುಟ್ಟು, ಮೆರುಗಿನ ದ್ರವದಲ್ಲಿ ಅದ್ದಿ, ದೊಡ್ಡ ಉರಿಗೆ ಸಿದ್ಧಪಡಿಸುತ್ತಾರೆ. ಆಗ ಆವಿಗೆಯಲ್ಲಿ ಬಟ್ಟಲನ್ನು ನೇರವಾಗಿ ಹಲಗೆಯ ಮೇಲೆ ಇಡುವುದಿಲ್ಲ. ಅದರ ಅಡಿಗೆ ‘ಹಾಮಾ’ ಎಂಬ ಚಪ್ಪಟೆಯಾದ ಬಿಲ್ಲೆಯನ್ನು ಇಡುತ್ತಾರೆ. ಆ ಬಿಲ್ಲೆಯನ್ನೂ ಪಿಂಗಾಣಿ ಮಣ್ಣಿನಿಂದಲೇ ಮಾಡಿರುತ್ತಾರೆ, ಅದನ್ನು ಮೊದಲೇ ಗಟ್ಟಿಯಾಗಿ ಸುಟ್ಟಿರುವುದಿಲ್ಲ. ಉರಿ ಏರಿದಂತೆ ಬಟ್ಟಲಿನ ಪಾದ ಒಳಕ್ಕೆ ಕುಗ್ಗುತ್ತದೆ. ಕೆಳಗಿನ ಹಲಗೆ ಕುಗ್ಗದೆ ಹಾಗೆಯೇ ನಿಂತರೆ ಪಾದ ಅದಕ್ಕೆ ತಡೆದು ಹರಿಯುತ್ತದೆ. ಬಿಲ್ಲೆಯಾದರೋ ಬಟ್ಟಲಿನ ಜೊತೆಜೊತೆಗೆ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತಾ ಹೋಗುತ್ತದೆ. ಸುಟ್ಟ ಮೇಲೆ ಅದರ ಕೆಲಸ ಮುಗಿಯಿತು, ಮತ್ತೊಮ್ಮೆ ಬಳಸಲು ಬರುವುದಿಲ್ಲ. ಯಾವ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಯೂ ಪಾತ್ರೆಯ ಪಕ್ಕದಲ್ಲಿ ಅದನ್ನು ಇಡುವುದು ವಾಡಿಕೆಯಲ್ಲ. ಆದರೆ ಒಂದು ಬಟ್ಟಲು ನೆಟ್ಟಗೆ ನಿಲ್ಲಲಿ ಎಂದು ಅದರೊಡನೆ ಒಮ್ಮೆ ಮಾತ್ರ ಉರಿಗೆ ಹೋಗುವ ಈ ಬಿಲ್ಲೆಯನ್ನು ತಿಳಿಯದೆ ಪಿಂಗಾಣಿಯ ಕಸುಬನ್ನು ತಿಳಿದಂತಾಗುವುದಿಲ್ಲ.

ಮೂರನೆಯ ಹದ ಉರಿಯದು. ಮೆರುಗು ತೆಳುವಾಗಿದ್ದು ಬಣ್ಣವಿಲ್ಲದೆ ಬರಬೇಕು. ಗಾಳಿ ಹೆಚ್ಚಾದರೆ ಹಳದಿ, ಕಬ್ಬಿಣ ಉಳಿದಿದ್ದು ಗಾಳಿ ಕಡಿಮೆಯಾದರೆ ನೀಲಿ. ಇವೆರಡರ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಅಕ್ಕಚ್ಚಿನ ಬಿಳುಪು ಇದೆ. ದೊಡ್ಡ ಉರಿಯಿಂದ ಚೆನ್ನಾಗಿ ಹೊರಬಂದ ಪಾತ್ರೆಗೂ ಪರೀಕ್ಷೆ ಮುಗಿದಿರುವುದಿಲ್ಲ. ಬಣ್ಣದ ಚಿತ್ರ ಬರೆದು ಅದನ್ನು ಮತ್ತೊಮ್ಮೆ 700–800 ಡಿಗ್ರಿಯ ಉರಿಗೆ ಒಡ್ಡಬೇಕು. ಇನ್ನೊಂದು ಕಠಿಣ ಸಂಗತಿಯೆಂದರೆ, ನಿಗೋಶಿದೇಯಲ್ಲಿ ಖಾಲಿ ಜಾಗವೇ ಹೆಚ್ಚಾದ್ದರಿಂದ ಸಾಸಿವೆಯಷ್ಟು ಕಪ್ಪು ಚುಕ್ಕೆ ಬಿದ್ದರೂ ಅದನ್ನು ಮರೆಮಾಡಲು ಎಡೆಯಿಲ್ಲ. ಮೈತುಂಬ ಚಿತ್ರವಿರುವ ಪಾತ್ರೆಯಲ್ಲಿ ಚುಕ್ಕೆಯ ಮೇಲೊಂದು ಎಲೆಯನ್ನೋ ಹೂವನ್ನೋ ಬರೆದು ಮುಚ್ಚಬಹುದು. ಇಲ್ಲಿ ಚಿತ್ರ ಎಲ್ಲಿರಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ, ಚುಕ್ಕೆ ಬಿದ್ದ ಪಾತ್ರೆಯನ್ನು ಪಕ್ಕಕ್ಕಿಡದೆ ಗತಿಯಿಲ್ಲ. ಉರಿಗೆ ಹೋದದ್ದರಲ್ಲಿ ಕೈಗೆ ಸಿಗುವುದು ಕಡಿಮೆ ಎಂಬ ಮಾತು ಈ ಪಿಂಗಾಣಿಯ ಬಗ್ಗೆ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಜರ್ಮನಿಯ ರಸಾಯನಶಾಸ್ತ್ರಜ್ಞ ಗಾಟ್‌ಫ್ರೀಡ್ ವಾಗ್ನರ್ 1870ರಲ್ಲಿಯೇ ಅರಿತಾಕ್ಕೆ ಬಂದು ಪಶ್ಚಿಮದ ಬಣ್ಣಗಳನ್ನೂ ಕಲ್ಲಿದ್ದಲಿನ ಆವಿಗೆಯನ್ನೂ ಪರಿಚಯಿಸಿದ್ದರು. ಅದಾದ ಮೇಲೆ ಶುದ್ಧವಾದ ಬಿಳಿ ಪಿಂಗಾಣಿ ಮಾಡುವುದು ಕಷ್ಟವೇನಾಗಿರಲಿಲ್ಲ. ಹಾಗಿರುವಾಗ ಈ ಹಳೆಯ ಬೆರಕೆಗೆ ಏಕೆ ಮರಳಬೇಕಿತ್ತು? ಉತ್ತರ ಪಾತ್ರೆಗಳಲ್ಲಿಯೇ ಇದೆ. ಮೈಸೆನ್‌ನ ಬಿಳುಪು ಹೆಚ್ಚು ಶುದ್ಧ, ಆದರೆ ಅದು ತಣ್ಣಗಿರುತ್ತದೆ. ನಿಗೋಶಿದೇಯಲ್ಲಿ ಕಬ್ಬಿಣವನ್ನು ಕಳೆದಷ್ಟೂ ಕಳೆದರೂ ಬೆಟ್ಟದ ಕಲ್ಲಿನ ಏನೋ ಒಂದು ಲೇಶ ಉಳಿದಿರುತ್ತದೆ, ಆ ಬೆಚ್ಚಗಿನ ಮೃದುತ್ವ ಅದರಿಂದ ಬರುತ್ತದೆ. ಪೂರ್ತಿ ಶುದ್ಧಗೊಳಿಸಿದ ಕಚ್ಚಾವಸ್ತು ಕೊಡಲಾರದ ಸೊಗಸನ್ನು ಈ ನೈಸರ್ಗಿಕ ಕಲಬೆರಕೆ ಕೊಡುತ್ತದೆ ಎಂಬ ನಿಲುವನ್ನು ಹದಿನಾಲ್ಕನೆಯ ಕಾಕಿಎಮೊನ್ ಮುಂದೆ ಬಿಡದೆ ಪ್ರತಿಪಾದಿಸಿದರು. ತಂದೆ ಮಗ ಹುಡುಕುತ್ತಿದ್ದುದು ಅತ್ಯಂತ ಬೆಳ್ಳಗಿನ ಬಿಳಿಯನ್ನಲ್ಲ, ಆ ಒಂದು ನಿರ್ದಿಷ್ಟ ಬಿಳಿಯನ್ನು.

1953ರ ನಂತರ

ಜಪಾನ್ ಸರ್ಕಾರ ಈ ಸಾಧನೆಯನ್ನು ಬೇಗನೆ ಗಮನಿಸಿತು. 1955ರಲ್ಲಿ ನಿಗೋಶಿದೇಯ ತಂತ್ರವನ್ನು ದಾಖಲಿಸಿಡಬೇಕಾದ ಅಮೂರ್ತ ಸಾಂಸ್ಕೃತಿಕ ಸಂಪತ್ತುಗಳ ಸಾಲಿಗೆ ಸೇರಿಸಿತು. 1971ರಲ್ಲಿ ಅದನ್ನು ಮಹತ್ವದ ಅಮೂರ್ತ ಸಾಂಸ್ಕೃತಿಕ ಸಂಪತ್ತು ಎಂದು ಘೋಷಿಸಿದಾಗ, ಅದರ ವಾರಸುದಾರಿಕೆಯನ್ನು ಕಾಕಿಎಮೊನ್ ಪಿಂಗಾಣಿ ತಂತ್ರ ಸಂರಕ್ಷಣಾ ಸಂಘಕ್ಕೆ ಕೊಟ್ಟಿತು. ಮನ್ನಣೆ ಒಬ್ಬ ವ್ಯಕ್ತಿಗೆ ಸಲ್ಲದೆ ಒಂದು ಗುಂಪಿಗೆ ಸಂದದ್ದು ನನ್ನ ದೃಷ್ಟಿಯಲ್ಲಿ ಅತ್ಯಂತ ಸರಿಯಾದ ತೀರ್ಮಾನ. ಕಾಕಿಎಮೊನ್ ಆವಿಗೆಯಲ್ಲಿ ತಿಗುರಿಯ ಮೇಲೆ ಕೂರುವವರು ಬೇರೆ, ರೇಖೆ ಎಳೆಯುವವರು ಬೇರೆ, ರೇಖೆಯೊಳಗೆ ಬಣ್ಣ ತುಂಬುವವರು ಬೇರೆ. ಮನೆತನದ ಹೆಸರು ಹೊತ್ತವರು ಇಡೀ ಕೆಲಸದ ಹೊಣೆ ಹೊರುತ್ತಾರೆ, ಆದರೆ ಹದ ಇರುವುದು ಹಲವರ ಕೈಗಳಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಕಳಚಿದ ಕೊಂಡಿ ಒಂದೇ ಮನೆಯ ಕೊಂಡಿಯಲ್ಲ, ಇಂಥ ಹಲವು ಕೈಗಳ ನಡುವಿನದು. ಅದನ್ನು ಕಾಯಲು ಹೆಸರೊಂದಕ್ಕೆ ಬಿರುದು ಕೊಟ್ಟರೆ ಸಾಲುವುದಿಲ್ಲ.

ಹನ್ನೆರಡನೆಯ ಕಾಕಿಎಮೊನ್ 1963ರಲ್ಲಿ, ಹದಿಮೂರನೆಯವರು 1982ರಲ್ಲಿ ತೀರಿಕೊಂಡರು. ಹದಿನಾಲ್ಕನೆಯವರು (1934–2013) ಟೋಕಿಯೊದಲ್ಲಿ ಜಪಾನಿ ಚಿತ್ರಕಲೆಯನ್ನು ಓದಿ ಬಂದವರು. ಊರಿನ ಸುತ್ತಲಿನ ಕಾಡುಹೂಗಳನ್ನು ನೋಡಿ ತಾವೇ ಬರೆದ ಚಿತ್ರಗಳನ್ನು ನಿಗೋಶಿದೇಯ ಮೇಲೆ ತಂದರು. 2001ರಲ್ಲಿ ಬಣ್ಣದ ಪಿಂಗಾಣಿಗಾಗಿ ಸರ್ಕಾರ ಅವರನ್ನು ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಜನ ಕರೆಯುವ ಸ್ಥಾನಕ್ಕೆ ಏರಿಸಿತು. ಯುದ್ಧಾನಂತರ ಇದೇ ಆವಿಗೆಯಲ್ಲಿ ಕೆಲಸ ಕಲಿತ ಇನೌಯೆ ಮಾಂಜಿ ಎಂಬವರು ಮುಂದೆ ಚಿತ್ರವನ್ನೇ ಪೂರ್ತಿ ಬಿಟ್ಟು, ಆಕಾರವನ್ನೇ ಅಲಂಕಾರವಾಗಿಸಿಕೊಂಡ ಬರಿಯ ಬಿಳಿ ಪಿಂಗಾಣಿಯನ್ನು ಹಿಡಿದು ಹೊರಟರು, 1995ರಲ್ಲಿ ಅದಕ್ಕಾಗಿ ಅದೇ ಗೌರವವನ್ನು ಪಡೆದರು. ಒಂದು ಆವಿಗೆಯಿಂದ ಎರಡು ಬಿಳಿಗಳು ಹೊರಟವು: ಒಂದು ಹೂವಿಗೆ ನೆಲವಾಗಿ ನಿಂತದ್ದು, ಇನ್ನೊಂದು ಯಾವುದಕ್ಕೂ ನೆಲವಾಗದೆ ತಾನೇ ನಿಂತದ್ದು.

2014ರಲ್ಲಿ ಹದಿನಾಲ್ಕನೆಯವರ ಮಗ ಹದಿನೈದನೆಯ ಕಾಕಿಎಮೊನ್ ಎಂಬ ಹೆಸರನ್ನು ಪಡೆದರು. ಹೆಸರು ಬದಲಾಗುವುದು ಬಾಯಿಮಾತಿನಲ್ಲಲ್ಲ, ಕುಟುಂಬದ ಸರ್ಕಾರಿ ನೋಂದಣಿಯಲ್ಲಿಯೇ ಹುಟ್ಟಿನ ಹೆಸರು ಹೋಗಿ ಈ ಹೆಸರು ಬರುತ್ತದೆ. ಇಜುಮಿಯಾಮಾದ ಬೆಟ್ಟ ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ನಾನೂರು ವರ್ಷ ಕೊರೆದು ಕೊರೆದು ಬೆಟ್ಟವಿದ್ದ ಕಡೆ ದೊಡ್ಡ ಬಾವಿಯಂಥ ತಗ್ಗು ಬಿದ್ದಿದೆ, ಬಂಡೆಯ ಗೋಡೆಗಳ ಮೇಲೆ ಬಿಳಿಯ ನಡುವೆ ತುಕ್ಕಿನ ಕಂದು ಪಟ್ಟಿಗಳು ಕಾಣುತ್ತವೆ. ಆರಿಸಿ ತೆಗೆಯಬೇಕಾದದ್ದು ಆ ಪಟ್ಟಿಗಳನ್ನೇ.